ಕೊನೆಗೌಡ ಕೆರಿಯನ ಪೈಲಟ್ ಪರೀಕ್ಷೆ

ಶಿರಸಿ ಸೀಮೆಯಲ್ಲಿ ತೋಟ ಇದ್ದವರನ್ನು ಯಾರನ್ನೇ ಕೇಳಿ, ಮಗನಿಗೆ ಹೆಣ್ಣು ಹುಡುಕುವುದಾದರೂ ಆದೀತು, ತೋಟಕ್ಕೆ ಕೊನೆಗೌಡನನ್ನು ಹುಡುಕುವುದು ಆಗದು ಎನ್ನುತ್ತಾರೆ. ಮೂವತ್ತೆಂಟು ದಾಟಿದ ಮಗನಿಗೆ ಇನ್ನೂ ಹೆಣ್ಣು ಸಿಗದವರೂ ಹಾಗೇ ಹೇಳುತ್ತಾರೆ ಅಂದ ಮೇಲೆ ನೀವೇ ಅಂದಾಜು ಮಾಡಿ. ಕೊನೆಗೌಡ ಅಂದರೆ ಅಡಿಕೆ ಮರ ಹತ್ತುವ ಕಸುಬಿನವನು. ಮಳೆ ಹಿಡಿಯುವ ಹೊತ್ತಿಗೆ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಕೊಳೆರೋಗದ ಔಷಧಿ ಹೊಡೆಯುವವನೂ ಅವನೇ, ಕೊಯ್ಲಿನಲ್ಲಿ ಕೊನೆ ಇಳಿಸುವವನೂ ಅವನೇ. ಒಂದು ಮರ ಹತ್ತಿದನೆಂದರೆ ಮತ್ತೆ ನೆಲ ಮುಟ್ಟುವುದಿಲ್ಲ. ಮರವನ್ನೇ ಬಾಗಿಸಿ ಪಕ್ಕದ್ದನ್ನು ಹಿಡಿದು ದಾಟುತ್ತಾ, ಊಟದ ಹೊತ್ತಿಗೆ ತೋಟದ ಆ ತುದಿಯಲ್ಲಿ ಇಳಿಯುತ್ತಾನೆ. ಅಂಥವನು ಫೋನ್ ಎತ್ತಿದರೆ ನಮ್ಮ ಹೆಗಡೆಕಟ್ಟಾದ ಹೆಗಡೆಯರು ಕೂತಲ್ಲಿಂದ ಎದ್ದು ನಿಂತು ಮಾತಾಡುತ್ತಾರೆ. ಸೀತಾರಾಮ ಹೆಗಡೆ ಎಂಬ ನಾನೂ ನಿಂತೇ ಮಾತಾಡಿದವನು.

ನಮ್ಮ ಕೊನೆಗೌಡ ಕೆರಿಯ. ಊರು ಸಿದ್ದಾಪುರದ ಹತ್ತಿರದ ಕೋಲಸಿರ್ಸಿ. ವಯಸ್ಸು ನಲವತ್ತಾರು, ಸ್ವಂತ ಗದ್ದೆ ಇದೆ, ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ಪಾಸು ಮಾಡಿದ ಸರ್ಟಿಫಿಕೇಟು ಇದೆ. ಅಷ್ಟು ದೂರದಿಂದ ಬೈಕಿನಲ್ಲಿ ಬರುತ್ತಾನೆ, ಹಿಂದೆ ಹೆಂಡತಿ ಹೊನ್ನಿ. ಮೇಲೆ ಹತ್ತಿದವನಿಗೆ ಕೆಳಗೆ ಒಬ್ಬರು ಬೇಕು. ಕೊಯ್ಲಿನಲ್ಲಿ ಕೊನೆ ಜಾರಿ ಬರುವ ಹಗ್ಗವನ್ನು ಬಿಗಿ ಹಿಡಿಯಬೇಕು, ಔಷಧಿ ಹೊಡೆಯುವಾಗ ಪೈಪ್ ಸಿಕ್ಕಿಕೊಳ್ಳದ ಹಾಗೆ ನೋಡಬೇಕು, ಗಾಳಿ ಬಂದರೆ ಕೂಗಬೇಕು. ಇದು ಗಂಡಸರ ಕೆಲಸ ಎಂದೇ ರೂಢಿ. ಕೆರಿಯನ ಜೋಡಿಯವನು ಗೋವಾಕ್ಕೆ ಹೋದ ವರ್ಷ ಬೇರೆ ಯಾರೂ ಸಿಗದೆ ಹೊನ್ನಿ ಹಗ್ಗ ಹಿಡಿದಳು. ಅದಾಗಿ ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ಹೊನ್ನಿಯ ಬಗ್ಗೆ ನನಗೆ ತಿಳಿದಿದ್ದದ್ದು ಇಷ್ಟೇ: ಕೆಲಸ ಮುಗಿದ ಸಂಜೆ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಕುತ್ತಿಗೆ ನೋವಿಗೆ ಎಣ್ಣೆ ಕೇಳುತ್ತಾಳೆ. ನನ್ನ ಹೆಂಡತಿ ಗಂಗಾ ಕೇಳುವ ಮೊದಲೇ ಬಾಟಲಿ ತುಂಬಿಸಿ ಇಟ್ಟಿರುತ್ತಾಳೆ. ಎಣ್ಣೆ ಗಿಟ್ಟಿಸಲು ಇದೊಂದು ಉಪಾಯ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಹೋದ ವರ್ಷದ ಕೊಯ್ಲಿನಲ್ಲಿ ಕೆರಿಯನ ಬಲಮೊಣಕಾಲು ಕೈಕೊಟ್ಟಿತು. ಅರವತ್ತು ಅಡಿ ಮೇಲಿಂದ ಬಿದ್ದದ್ದಲ್ಲ. ಅಲ್ಲಿಂದ ಸುಖವಾಗಿ ಇಳಿದು ಬಂದು, ನಮ್ಮ ಅಂಗಳದ ಮೆಟ್ಟಿಲಿನ ಮೇಲೆ ಜಾರಿದ. ಶಿರಸಿಯ ಡಾಕ್ಟರು ಫೋಟೋ ತೆಗೆಸಿ, ಇನ್ನು ಮರ ಹತ್ತುವ ಮಾತೇ ಬೇಡ ಎಂದರು. ಮೆಟ್ಟಿಲು ಹತ್ತಬಹುದೇ ಎಂದು ಕೆರಿಯ ಕೇಳಿದನಂತೆ. ಅದನ್ನೂ ಕಡಿಮೆ ಮಾಡು ಎಂದರಂತೆ.

ಅದೇ ಹೊತ್ತಿಗೆ ನಮ್ಮ ಸೊಸೈಟಿಯಲ್ಲಿ ಔಷಧಿ ಹೊಡೆಯುವ ಡ್ರೋನ್ ತರುವ ಚರ್ಚೆ ನಡೆದಿತ್ತು. ಮೇಲಿಂದ ಸುರಿದ ಔಷಧಿ ಮರದ ತಲೆಯ ಸೋಗೆ ದಾಟಿ ಕೆಳಗಿನ ಕೊನೆಗೆ ತಲುಪುತ್ತದೋ ಇಲ್ಲವೋ ಎಂಬ ವಾದ ಬೇರೆ ಇತ್ತು. ಮೊದಲು ತರೋಣ, ಆಮೇಲೆ ವಾದ ಮಾಡೋಣ ಎಂದು ನಮ್ಮ ಪದ್ಧತಿಯಂತೆ ಠರಾವಾಯಿತು. ಹಾರಿಸುವವನು ಲೈಸೆನ್ಸ್ ಇದ್ದವನೇ ಆಗಬೇಕು. "ನಮ್ಮ ಕೆರಿಯನಿಗೇ ಕಲಿಸಿ ಬಿಡೋಣ, ಹೇಗೂ ಅರ್ಧ ಆಯುಷ್ಯ ಆಕಾಶದಲ್ಲೇ ಕಳೆದವನು" ಎಂದೆ. ನಾನು ತಮಾಷೆಗೆ ಹೇಳಿದ್ದು, ಎಲ್ಲರೂ ನಕ್ಕರು. ಇನ್ನು ಹತ್ತಲಾರೆ ಎಂದು ತಿಳಿಸಲು ಬಂದು ಬಾಗಿಲಲ್ಲಿ ನಿಂತಿದ್ದ ಕೆರಿಯ ಮಾತ್ರ ನಗಲಿಲ್ಲ.

"ಹತ್ತನೇ ಈಯತ್ತೆ ಪಾಸಾದ್ರೆ ಸಾಕನಾ ಹೆಗಡೇರೆ?" ಎಂದ.

ಸಾಕಿತ್ತು. ಠರಾವಿಗೆ ಒಂದು ಸಾಲು ಸೇರಿತು. ಮಳೆಗಾಲದ ಮೊದಲು ಪರೀಕ್ಷೆ ಪಾಸಾದರೆ ಕೆರಿಯನೇ ಸೊಸೈಟಿಯ ಪೈಲಟ್. ಇಲ್ಲದಿದ್ದರೆ ಹೊರಗಿನ ಕಂಪನಿಯೊಂದು ತನ್ನ ಡ್ರೋನನ್ನೂ ತನ್ನ ಪೈಲಟ್ಟನ್ನೂ ತರುತ್ತದೆ, ಕೆರಿಯ ಬೇಕಾದರೆ ನೀರು ಔಷಧಿ ಕಲಸಿಕೊಡಬಹುದು. ಸಭೆ ಮುಗಿದ ಮೇಲೆ ಬೈಕಿನ ಹತ್ತಿರ ನಿಂತು ಅವನು ನನಗೆ ಹೇಳಿದ: "ಅದೊಂದು ನನ್ನ ಕೈಲಿ ಆಗೂದಿಲ್ಲ. ಮೇಲಿದ್ದವ ನಾನು. ಕೆಳಗೆ ನಿಂತೋರ ಕೆಲಸವೂ ಒಂದು ಕೆಲಸನಾ?" ಹೊನ್ನಿ ಪಕ್ಕದಲ್ಲೇ ನಿಂತು ಸೆರಗಿನಿಂದ ಸೀಟು ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

ಅರ್ಜಿ ತುಂಬಿದವನು ನಾನು. ತರಬೇತಿ ಕೇಂದ್ರ ಯಲ್ಲಾಪುರ ದಾಟಿ ಹುಬ್ಬಳ್ಳಿ ದಾರಿಯಲ್ಲಿತ್ತು. ಅರ್ಜಿಯಲ್ಲಿ 'ಪರೀಕ್ಷೆಯ ಭಾಷೆ' ಎಂಬ ಕಲಮು ಕಂಡ ಕೂಡಲೇ ನನ್ನ ರಕ್ತ ಬಿಸಿಯಾಯಿತು. ಪ್ರತಿ ನವೆಂಬರಿನಲ್ಲಿ ಶಾಲೆಯ ಅಂಗಳದಲ್ಲಿ ಭಾಷಣ ಮಾಡುವವನು ನಾನು. ಹಳ್ಳಿಯ ಕೊನೆಗೌಡ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬೇಕೇ? ಕನ್ನಡ ಎಂದು ದಪ್ಪಕ್ಷರದಲ್ಲಿ ಬರೆದೆ. ಜೊತೆಗೆ ಎರಡು ಪುಟದ ಪತ್ರವನ್ನೂ ಇಟ್ಟೆ. ಆಯಿತು, ಪ್ರಶ್ನೆಪತ್ರಿಕೆಯನ್ನು ಅನುವಾದ ಮಾಡಿಸುತ್ತೇವೆ ಎಂದು ಅವರಿಂದ ಉತ್ತರ ಬಂದಾಗ ಅದನ್ನು ನಾಲ್ಕು ಜನರಿಗೆ ಓದಿ ಹೇಳಿದೆ. ಕೆರಿಯನಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರಲಾರೆ.

ಓದಿನ ಉಸ್ತುವಾರಿ ಅವನ ಮಗಳು ತನುಜಾಳದ್ದು. ಸಿದ್ದಾಪುರದ ಕಾಲೇಜಿಗೆ ಹೋಗುವ ಹುಡುಗಿ, ಓದುವುದರಲ್ಲಿ ಕ್ರಮ ಕಲಿತವಳು. ಅವಳ ಪ್ರಕಾರ ವಿಧಾನ ಸುಲಭ. ಒಂದು ವಿಡಿಯೋ ನೋಡಬೇಕು, ಅದರ ಮೇಲಿನ ಅಭ್ಯಾಸ ಪರೀಕ್ಷೆಯನ್ನು ಫೋನಿನಲ್ಲೇ ಬರೆಯಬೇಕು, ತಪ್ಪಾದದ್ದಕ್ಕೆ ಮತ್ತೆ ಅದೇ ವಿಡಿಯೋಗೆ ಹೋಗಬೇಕು. "ಬರೀ ವಿಡಿಯೋ ನೋಡ್ರೆ ತಿಳ್ದಂಗೆ ಅನಿಸ್ತದೆ, ತಿಳಿದಿರೂದಿಲ್ಲ. ಬರೀ ಟೆಸ್ಟ್ ಬರೆದ್ರೆ ಮಾರ್ಕ್ ಬರ್ತದೆ, ತಲೆಗೆ ಎಂತದೂ ಬರೂದಿಲ್ಲ. ಎರಡೂ ಕೂಡಿಸ್ಬೇಕು ಅಪ್ಪ" ಎಂದು ಹೇಳಿ, ಬರೆದು ಗೋಡೆಗೂ ಅಂಟಿಸಿದಳಂತೆ.

ಎರಡನ್ನೂ ಕೂಡಿಸಿದ್ದು ನಿಜ, ಆದರೆ ಒಂದೇ ತಲೆಯಲ್ಲಿ ಅಲ್ಲ. ಕೆರಿಯನಿಗೆ ಕೂತು ಕೇಳುವುದು ಒಗ್ಗದು. ಎಂಟು ನಿಮಿಷದ ವಿಡಿಯೋದಲ್ಲಿ ಮೂರನೇ ನಿಮಿಷಕ್ಕೆ ಅವನ ಗೊರಕೆ. ಕನ್ನಡದಲ್ಲಿ ಪಾಠ ಹೇಳುವವನು ಹಾವೇರಿ ಕಡೆಯವನು, "ನೋಡ್ರಿ, ಈಗ ಗಾಳಿ ಅಂದ್ರ ಏನ್ರಿ, ತಿಳ್ಕೊಳ್ರಿ" ಎಂದು ಗಟ್ಟಿಯಾಗಿ ಶುರು ಮಾಡಿದರೂ ಇವನು ತಿಳಿದುಕೊಳ್ಳಲು ಎಚ್ಚರ ಇರುತ್ತಿರಲಿಲ್ಲ. ಫೋನ್ ಸುಮ್ಮನೆ ಮಾತಾಡುತ್ತಿರುವುದು ಯಾಕೆಂದು ಹೊನ್ನಿ ಅದನ್ನು ಎತ್ತಿ ತನ್ನ ಕೆಲಸದ ಹತ್ತಿರ ಇಟ್ಟುಕೊಂಡಳು. ಮುರುಗಲು ಹಣ್ಣಿನ ಕಾಲ. ಹಣ್ಣು ಒಡೆದು ಬೀಜ ತೆಗೆದು ಸಿಪ್ಪೆ ಒಣಗಲು ಹರಡುತ್ತಾ ಅವಳು ಗಾಳಿ, ಎತ್ತರ, ಬ್ಯಾಟರಿ, ಕಾಯಿದೆ ಎಲ್ಲವನ್ನೂ ಕೇಳಿದಳು. ಟೆಸ್ಟ್ ಮಾತ್ರ ಕೆರಿಯನ ಪಾಲಿಗೆ ಉಳಿಯಿತು. ಹೀಗೆ ಆ ಮನೆಯಲ್ಲಿ ವಿಡಿಯೋ ನೋಡಿದವರು ಟೆಸ್ಟ್ ಬರೆಯಲಿಲ್ಲ, ಟೆಸ್ಟ್ ಬರೆದವರು ವಿಡಿಯೋ ನೋಡಲಿಲ್ಲ.

ಟೆಸ್ಟ್ ಇದ್ದದ್ದು ಇಂಗ್ಲಿಷಿನಲ್ಲಿ. ಒಂದೊಂದು ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದನ್ನು ಅರ್ಧ ನಿಮಿಷದೊಳಗೆ ಒತ್ತಬೇಕು. ಕೆರಿಯ ಇಂಗ್ಲಿಷ್ ಓದಬಲ್ಲ, ಆದರೆ ಅಕ್ಷರ ಕೂಡಿಸಿ ಪ್ರಶ್ನೆಯ ಕೊನೆ ಮುಟ್ಟುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದು ನಿಂತಿರುತ್ತಿತ್ತು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಒಂಬತ್ತು. "ಕಣ್ಣು ಮುಚ್ಕಂಡು ಒತ್ತಿದ್ರೂ ಹನ್ನೆರಡು ಬರ್ತಿತ್ತು ಅಪ್ಪ" ಎಂದಳು ತನುಜಾ. ಎರಡನೆಯ ಸಲ ಅವನು ಕಣ್ಣು ಮುಚ್ಚಿ ಒತ್ತಿದ. ಹದಿಮೂರು ಬಂತು.

ಅದಾಗಿ ಮೂರು ವಾರಕ್ಕೆ ನನಗೊಂದು ಫೋನ್. "ನಲವತ್ತೇಳು ಹೆಗಡೇರೆ." ಮರುದಿನ ನಲವತ್ತೊಂಬತ್ತು. ಅದರಾಚೆ ಐವತ್ತಕ್ಕೆ ಐವತ್ತು. ನಾನು ಸೊಸೈಟಿಯಲ್ಲಿ ಎದೆ ತಟ್ಟಿಕೊಂಡು ಓಡಾಡಿದೆ. ಪ್ರತಿಭೆ ಹಳ್ಳಿಯಲ್ಲೇ ಇರುವುದು, ಗುರುತಿಸುವವರು ಬೇಕು ಎಂದೆಲ್ಲ ಹೇಳಿದೆ.

ಮೇ ತಿಂಗಳ ಒಂದು ಬೆಳಿಗ್ಗೆ ಗಂಗಾ ತೋಟದ ಕಡೆಯಿಂದ ಬಂದವಳು, "ಕೆರಿಯ ತೋಟಕ್ಕೆ ಬಂಜ. ಮರ ನೋಡ್ತಾ ಎಂತದೋ ಲೆಕ್ಕ ಹಾಕ್ತಾ ಇದ್ದ. ನಿಂಗ ಕರೆಸಿದ್ದಾ?" ಎಂದಳು. ನಾನು ಕರೆಸಿರಲಿಲ್ಲ. ಹೋಗಿ ನೋಡಿದರೆ, ಅವನು ಒಂದು ಕಾಲು ಎಳೆಯುತ್ತಾ ಸಾಲಿನಲ್ಲಿ ನಡೆಯುತ್ತಿದ್ದಾನೆ. ಒಂದೊಂದು ಮರದ ಕೆಳಗೆ ನಿಲ್ಲುತ್ತಾನೆ, ತಲೆ ಎತ್ತುತ್ತಾನೆ, "ಮೂರು" ಎನ್ನುತ್ತಾನೆ. ಮುಂದೆ ಹೋಗಿ "ಒಂದು". ಇನ್ನೂ ಮುಂದೆ "ನಾಲ್ಕು". ನನಗೆ ಸಂಶಯ ಬಂತು. ಫಸಲು ಗುತ್ತಿಗೆ ಹಿಡಿಯುವವರು ಹೀಗೇ ಕೊನೆ ಎಣಿಸಿ ಅಂದಾಜು ತೆಗೆಯುವುದು. ಮೊಣಕಾಲು ಹೋದವನು ಯಾವನೋ ವ್ಯಾಪಾರಿಯ ಕಡೆ ಸೇರಿಕೊಂಡನೇ ಎಂದುಕೊಂಡೆ. ನಲವತ್ತು ವರ್ಷ ಅವನ ಮನೆತನದ ಮೇಲೆ ಇಟ್ಟ ನಂಬಿಕೆ ನಲವತ್ತು ಹೆಜ್ಜೆಯಲ್ಲಿ ಹೋಯಿತು.

"ಯಾರಿಗೆ ಲೆಕ್ಕ ಕೊಡ್ತೀಯೋ?" ಎಂದೆ, ಸ್ವಲ್ಪ ಗಡುಸಾಗಿಯೇ.

ಅವನು ತಿರುಗಿ, ಹಲ್ಲು ಬಿಟ್ಟು ನಕ್ಕ. "ಲೆಕ್ಕ ಅಲ್ದ್ರಾ ಹೆಗಡೇರೆ, ಓದ್ತಾ ಇದ್ದೆ."

ಆಮೇಲೆ ವಿವರಿಸಿದ. ಟೆಸ್ಟಿನ ಗಂಟಿನಲ್ಲಿ ಇರುವುದು ಒಟ್ಟು ಮುನ್ನೂರ ಇಪ್ಪತ್ತು ಪ್ರಶ್ನೆ, ಅವೇ ಹಿಂದೆ ಮುಂದೆ ಆಗಿ ಬರುತ್ತವೆ. ಉತ್ತರ ಒಂದರಿಂದ ನಾಲ್ಕರೊಳಗೆ. ಮರಕ್ಕೆ ಇರುವ ಕೊನೆಯೂ ಒಂದರಿಂದ ನಾಲ್ಕರೊಳಗೆ. ಉತ್ತರ ಮೂರನೆಯದಾದರೆ ಆ ಪ್ರಶ್ನೆಯನ್ನು ಮೂರು ಕೊನೆ ಇರುವ ಒಂದು ಮರಕ್ಕೆ ಒಪ್ಪಿಸಿಬಿಡುವುದು. ಫೋನಿನಲ್ಲಿ ಪ್ರಶ್ನೆ ಬಂದ ಕೂಡಲೇ ಮರ ಕಣ್ಣಿಗೆ ಕಟ್ಟುತ್ತದೆ, ಕೊನೆ ಎಣಿಸಿ ಒತ್ತುವುದು. ಬಾಗಿಲ ಹತ್ತಿರದ ಮೂರು ಸಾಲು ಕಾಯಿದೆಯ ಪಾಠ, ಕೆರೆಯ ಬದಿಯದು ಹವಾಮಾನ, ಮೇಲಿನ ತುದಿಯದು ಯಂತ್ರದ ಭಾಗಗಳು. ಎರಡು ಮೂರು ಮರ ಕಲಸಿಹೋಗಿದ್ದವಂತೆ, ಕಣ್ಣಾರೆ ನೋಡಿ ಸರಿ ಮಾಡಿಕೊಳ್ಳಲು ಅಷ್ಟು ದೂರದಿಂದ ಬಂದಿದ್ದ.

"ಆದ್ರೆ ಪ್ರಶ್ನೆ ಓದೂಕೆ ಹೊತ್ತು ಸಾಲೂದಿಲ್ಲ ಅಂದಿದ್ದೆಯಲ್ಲೋ?"

"ಓದೂದು ಎಂತಕ್ಕೆ? ಮರನ ಯಾರಾದ್ರೂ ಓದ್ತಾರಾ? ಒಂದು ಸ್ವಲ್ಪ ವಾಲಿರ್ತದೆ, ಒಂದಕ್ಕೆ ಗಂಟಿರ್ತದೆ. ನೋಡ್ರೆ ಗುರ್ತ ಸಿಕ್ತದೆ. ಪ್ರಶ್ನೆನೂ ಹಂಗೇಯ. ಉದ್ದ ಇರೂದು, ಗಿಡ್ಡ ಇರೂದು, ಮಧ್ಯ ಒಂದು ನಂಬರ್ ಇರೂದು."

ನನ್ನ ತೋಟದಲ್ಲಿ ಎಷ್ಟು ಮರ ಇದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ, ಆರುನೂರು ಚಿಲ್ಲರೆ ಎನ್ನುತ್ತೇನೆ. ಅವನಿಗೆ ಪ್ರತಿಯೊಂದರ ಮುಖ ಗೊತ್ತಿತ್ತು. ಆ ಹೊತ್ತಿಗೆ ನನಗೆ ನಾಚಿಕೆಯಾಯಿತು. ಅದನ್ನು ಮರೆಸಲು ಮೆಚ್ಚಿಕೊಂಡವನ ಹಾಗೆ ಬೆನ್ನು ತಟ್ಟಿದೆ.

ದಾರಿಯ ಪಕ್ಕ ಬಂದಾಗ ಅವನು ಗಕ್ಕನೆ ನಿಂತ. ಅಲ್ಲಿ ನಾಲ್ಕು ಮರಕ್ಕೆ ನಾನು ಕೆಂಪು ಬಣ್ಣ ಹಚ್ಚಿದ್ದೆ. ಪಿಕಪ್ ಗಾಡಿ ತೋಟದೊಳಗೆ ಬರಬೇಕಾದರೆ ಅವು ಹೋಗಬೇಕು, ಆ ವಾರವೇ ಕಡಿಯಲು ಆಳು ಹೇಳಿದ್ದೆ.

"ಇವನ್ನ ಕಡೀತ್ರಾ?" ಅವನ ಮುಖ ಸಣ್ಣಗಾಯಿತು. "ಬ್ಯಾಡಿ ಹೆಗಡೇರೆ. ಪರೀಕ್ಷೆ ಆಗೋ ತಂಕ ಬ್ಯಾಡಿ. ಬ್ಯಾಟರಿ ಪಾಠ ಪೂರ್ತಿ ಈ ನಾಲ್ಕರಾಗೇ ಅದೆ."

ಕಡಿಯುವವರಿಗೆ ಬರಬೇಡಿ ಎಂದು ಫೋನ್ ಮಾಡಿದೆ. ಯಾಕೆ ಎಂದು ಕೇಳಿದರು. ಬ್ಯಾಟರಿ ಎಂದರೆ ತಿಳಿಯಲಾರದು ಎಂದು, ಅಮಾವಾಸ್ಯೆ ಹತ್ತಿರ ಎಂದೆ.

ಈಗ ಓದುವ ನಿಮಗೆ ಹೊಳೆದಿರಬಹುದಾದ ಸಂಗತಿ ಅವತ್ತು ನನಗೆ ಹೊಳೆಯಲಿಲ್ಲ. ಕನ್ನಡದಲ್ಲಿ ಪರೀಕ್ಷೆ ಕೇಳಿದ್ದೂ ನನಗೆ ಗೊತ್ತು, ಇಂಗ್ಲಿಷ್ ಪ್ರಶ್ನೆಗಳ ಮುಖ ನೋಡಿ ಅವನು ಕಲಿತದ್ದೂ ಗೊತ್ತು. ಎರಡೂ ನನ್ನ ತಲೆಯಲ್ಲೇ ಇದ್ದವು, ಒಂದನ್ನೊಂದು ಮಾತಾಡಿಸಲಿಲ್ಲ.

ಪರೀಕ್ಷೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಆ ಕೇಂದ್ರದ ಪದ್ಧತಿಯಲ್ಲಿ ಮೊದಲು ಬರಹದ ಪರೀಕ್ಷೆ, ಐವತ್ತಕ್ಕೆ ಮೂವತ್ತೈದು ಬಂದವರಿಗೆ ಮಾತ್ರ ಡ್ರೋನ್ ಮುಟ್ಟಲು ಬಿಡುವುದು. ಯಲ್ಲಾಪುರದ ಹತ್ತಿರ ಚಂದಗುಳಿಗೆ ಹೋಗಿ, ಪಾಸಾದರೆ ಗಂಟೆ ಕಟ್ಟುತ್ತೇನೆ ಎಂದು ಕೆರಿಯ ಗಣಪತಿಗೆ ಹೇಳಿಕೊಂಡ. ಕಾರಿನಲ್ಲಿ ಉದ್ದಕ್ಕೂ ಕಣ್ಣು ಮುಚ್ಚಿಕೊಂಡು ಬಂದ. ನಿದ್ದೆಯಲ್ಲ, ನನ್ನ ತೋಟದಲ್ಲಿ ಅಡ್ಡಾಡುತ್ತಿದ್ದ.

ಒಂದು ತಾಸಿಗೆ ಹೊರಗೆ ಬಂದ. ಬೆಂಚಿನ ಮೇಲೆ ನನ್ನ ಪಕ್ಕ ಕೂತ.

"ಒಂದೂ ಗುರ್ತದ ಮರ ಇರ್ಲಿಲ್ಲ ಹೆಗಡೇರೆ. ಎಲ್ಲ ಕನ್ನಡ."

ಅರ್ಜಿಯಲ್ಲಿ ದಪ್ಪಕ್ಷರದಲ್ಲಿ ಬರೆದದ್ದು ನನಗೆ ಆಗ ನೆನಪಾಯಿತು. ಆಮೇಲೆ ಪ್ರಶ್ನೆಪತ್ರಿಕೆ ನೋಡಿದೆ. "ದೂರಸ್ಥ ಚಾಲಕನು ಮಾನವರಹಿತ ವೈಮಾನಿಕ ವ್ಯವಸ್ಥೆಯನ್ನು ದೃಷ್ಟಿಗೋಚರ ರೇಖಾವ್ಯಾಪ್ತಿಯಾಚೆ ಚಾಲಿಸುವುದು" ಎಂದು ಶುರುವಾಗಿತ್ತು. ನವೆಂಬರಿನಲ್ಲಿ ಭಾಷಣ ಮಾಡುವವನಾದ ನಾನೇ ಎರಡು ಸಲ ಓದಬೇಕಾಯಿತು. ಕೆರಿಯನಿಗೆ ಇಪ್ಪತ್ತೊಂದು ಬಂದಿತ್ತು. ಗಾಳಿಯ ಬಗ್ಗೆ, ಮಳೆಮೋಡದ ಬಗ್ಗೆ, ಔಷಧಿ ಮೈಗೆ ತಾಗದಂತೆ ನಿಲ್ಲುವ ಬಗ್ಗೆ ಇದ್ದದ್ದಕ್ಕೆಲ್ಲ ಅವನ ಉತ್ತರ ಸರಿ. ಅವು ಟೆಸ್ಟಿನಿಂದ ಬಂದವಲ್ಲ.

ಇನ್ನೊಂದೇ ಅವಕಾಶ, ಹದಿನೈದು ದಿನಕ್ಕೆ. ಈ ಸಲ ಇಂಗ್ಲಿಷಿನಲ್ಲೇ ಕೊಡಿ ಎಂದು ನಾನು ಕೈಮುಗಿದು ಕೇಳಿದೆ. ಅಲ್ಲಿದ್ದ ಗುಮಾಸ್ತ ನನ್ನ ಎರಡು ಪುಟದ ಪತ್ರವನ್ನೇ ತೆಗೆದು ತೋರಿಸಿ, ತಮ್ಮ ಕೋರಿಕೆಯ ಮೇರೆಗೇ ಅನುವಾದ ಮಾಡಿಸಿದ್ದು, ಒಮ್ಮೆ ಆರಿಸಿದ ಭಾಷೆ ಬದಲಾಗುವುದಿಲ್ಲ ಎಂದ. ಪತ್ರ ಚೆನ್ನಾಗಿದೆ ಸರ್ ಎಂದೂ ಹೇಳಿದ.

ವಾಪಸು ಬರುವಾಗ ಚಂದಗುಳಿ ತಿರುವಿನಲ್ಲಿ ಕೆರಿಯ, "ಗಣಪತಿಗೂ ಯಾವ ಭಾಷೆ ಅಂತ ಹೇಳಿರ್ಲಿಲ್ಲ" ಎಂದ. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಹೆಗಡೆಕಟ್ಟಾದಲ್ಲಿ ಬೈಕ್ ತೆಗೆದುಕೊಳ್ಳಲು ಇಳಿದವನು ತೋಟದ ದಾರಿ ನೋಡಿ, "ಆ ನಾಲ್ಕು ಮರ ಇನ್ನು ಕಡೀರಿ. ಖಾಲಿ ಆದ್ವು" ಎಂದು ಹೊರಟುಹೋದ. ಮನೆಯೊಳಗೆ ಬಂದು ಗಂಗಾಳಿಗೆ ನಡೆದದ್ದು ಹೇಳಿದೆ. "ನಿಂಗಕ್ಕೆ ಕನ್ನಡದ ಮೇಲೆ ಪ್ರೀತಿ ಇದ್ದು, ಖರೆ. ಕೆರಿಯನ್ನ ಒಂದು ಮಾತು ಕೇಳಲಿಲ್ಲೆ" ಎಂದಷ್ಟೇ ಅಂದಳು. ಅವತ್ತು ಊಟ ರುಚಿಸಲಿಲ್ಲ.

ಮೂರು ದಿನ ತಡೆದು ನಾನು ಕೋಲಸಿರ್ಸಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು, ದಾರಿಯಲ್ಲಿ ಮಾತನ್ನೂ ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ಕಂಡ ನೋಟಕ್ಕೆ ಅದೆಲ್ಲ ಮರೆತುಹೋಯಿತು. ಹೊನ್ನಿ ಏಣಿ ಇಟ್ಟು ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ಹತ್ತಿ ಮುರುಗಲು ಸಿಪ್ಪೆ ಮಗುಚುತ್ತಿದ್ದಳು. ಕೆಳಗೆ, ಏಣಿಯ ಬುಡ ಹಿಡಿದುಕೊಂಡು, ತಲೆ ಮೇಲೆತ್ತಿ ಕೆರಿಯ ನಿಂತಿದ್ದ. ಆ ಜೋಡಿಯನ್ನು ಹಾಗೆ ತಲೆಕೆಳಗಾಗಿ ನಾನು ನೋಡಿದ್ದು ಅದೇ ಮೊದಲು. ಮೇಲಿಂದ ಪ್ರಶ್ನೆ ಬರುತ್ತಿತ್ತು.

"ಹಸಿರು ವಲಯದಾಗೆ ಎಷ್ಟು ಎತ್ತರಕ್ಕೆ ಹೋಗಬಹುದು?"

"ನೂರಾ ಇಪ್ಪತ್ತು ಮೀಟರ್."

"ಅಂದ್ರೆ ಎಷ್ಟು ಮರ?"

"ಒಂದರ ಮೇಲೊಂದು ಆರೂವರೆ ಅಡಿಕೆ ಮರ. ಒಂದು ಕೈ ಹೆಚ್ಚು."

"ಕೆಂಪು ವಲಯ?"

"ನೀ ಸಗಣಿ ಸಾರ್ಸಿದ ಜಗಲಿ. ಕೇಳದೆ ಕಾಲಿಡಬಾರದು."

ವಿಡಿಯೋದ ಹಾವೇರಿಯವನು ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ ಅಲ್ಲ, ತಿಳಿದಿತ್ತು. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವಳು. ಪರೀಕ್ಷೆಗೆ ಕೂರಲು ಅವಳಿಗೆ ಅರ್ಹತೆ ಇಲ್ಲ, ಅರ್ಹತೆ ಇದ್ದವನಿಗೆ ಹೇಳಿಕೊಡಬಹುದು. ಅದಕ್ಕೆ ಯಾವ ಕಾಯಿದೆಯೂ ಅಡ್ಡ ಬರುವುದಿಲ್ಲ. ಮೊದಲ ಸಲದ ಪ್ರಶ್ನೆಪತ್ರಿಕೆಯಲ್ಲಿದ್ದ, ಗಂಟಲಿಗೆ ಸಿಕ್ಕುವ ಕನ್ನಡವನ್ನು ತನುಜಾ ಪಕ್ಕದಲ್ಲಿ ಕೂತು ಓದುತ್ತಿದ್ದಳು, ಹೊನ್ನಿ ಅದನ್ನು ಬಿಡಿಸಿ ಗಂಡನಿಗೆ ಕೊಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ದೃಷ್ಟಿಗೋಚರ ರೇಖಾವ್ಯಾಪ್ತಿ ಎಂಬ ಪದ ಬಂದಾಗ ಕೆರಿಯ ತಲೆ ಕೆರೆದುಕೊಂಡ.

ಹೊನ್ನಿ ಏಣಿ ಇಳಿದು ಬಂದಳು. "ಹಾರ್ಸೋನು ಕೆಳಗೆ ನಿಂತಿರ್ತಾನೆ. ಮೇಲಿರೂದನ್ನ ಬಿಟ್ಟು ಕಣ್ಣು ತೆಗೀಬಾರದು. ಒಂದು ಗಳಿಗೆನೂ. ಅಷ್ಟೇಯ."

"ಮತ್ತೆ ಗಾಳಿ ಬಂದ್ರೆ?"

"ಗಾಳಿ ಬಂದ್ರೆ ಮೇಲಿರೂದಕ್ಕೆ ಗೊತ್ತಾಗೂದಿಲ್ಲ. ಕೆಳಗೆ ಇದ್ದೋರು ಆಚೆ ಸಾಲಿನ ಸೋಗೆ ಅಲ್ಲಾಡೂದು ನೋಡಿ ಮೊದ್ಲೇ ಹೇಳ್ಬೇಕು. ನಾ ಹೇಳ್ತಿದ್ನಲ್ಲ, ಹಂಗೆ."

ಕೆರಿಯ ಏಣಿ ಬಿಟ್ಟು ನಿಂತ. ನನ್ನ ಕಡೆ ತಿರುಗಿ, "ಹಂಗಾದ್ರೆ ಹೆಗಡೇರೆ, ಇಷ್ಟು ವರ್ಷ ಪೈಲಟ್ ಯಾರು?" ಎಂದ. ನಗುತ್ತಲೇ ಕೇಳಿದ್ದು, ಆದರೆ ನಗು ಅರ್ಧಕ್ಕೆ ನಿಂತಿತ್ತು. ನಾನು ಕ್ಷಮೆ ಕೇಳದೆಯೇ ವಾಪಸು ಬಂದೆ. ಅಲ್ಲಿ ನನ್ನ ಕ್ಷಮೆಗೆ ಪುರಸೊತ್ತು ಇರಲಿಲ್ಲ.

ಎರಡನೆಯ ಸಲ ಮೂವತ್ತೆಂಟು ಬಂತು. ಆಮೇಲಿನ ಹಾರಿಸುವ ತರಬೇತಿಯಲ್ಲೂ ಪರೀಕ್ಷೆಯಲ್ಲೂ ಅವನಿಗೆ ಸರಿಸಾಟಿ ಇರಲಿಲ್ಲವಂತೆ. ಮರದಿಂದ ಮರಕ್ಕೆ ದಾಟಿದ ಕೈಗೆ ಎರಡು ಕಡ್ಡಿ ತಿರುಗಿಸುವುದು ಯಾವ ಲೆಕ್ಕ. ಚಂದಗುಳಿಗೆ ಗಂಟೆ ಸಂದಾಯವಾಯಿತು. ಸರ್ಟಿಫಿಕೇಟು ಬಂತು, ಅದರಲ್ಲಿ ಕೆರಿಯನ ಫೋಟೋ, ಕೆರಿಯನ ಹೆಸರು. ಸೊಸೈಟಿಯಲ್ಲಿ ಅವನಿಗೆ ಶಾಲು ಹೊದಿಸಿದರು. ಅವನನ್ನು ಮೊದಲು ಗುರುತಿಸಿದವನೆಂದು ನನಗೂ ಒಂದು ಹೊದಿಸಿದರು. ಬೇಡ ಎನ್ನುವಷ್ಟು ಧೈರ್ಯ ನನಗೆ ಬರಲಿಲ್ಲ.

ವರ್ಷದ ಮೊದಲ ಔಷಧಿ ಹೊಡೆಯುವ ದಿನ ಕೊನೆಗೌಡನಿಗೆ ವೀಳ್ಯ, ತೆಂಗಿನಕಾಯಿ, ಒಂದು ಪಂಚೆ ಕೊಡುವುದು ನಮ್ಮ ಮನೆಯ ಪದ್ಧತಿ. ಹತ್ತುವ ಮೊದಲ ಮರದ ಬುಡದಲ್ಲಿ ಕೊಡಬೇಕು. ಈ ಸಲ ಹತ್ತುವ ಮರವೇ ಇಲ್ಲ. ಹರಿವಾಣ ಹಿಡಿದು ಎಲ್ಲಿ ನಿಲ್ಲುವುದೆಂದು ತಿಳಿಯದೆ, ಕೊನೆಗೆ ಆ ಕೆಂಪು ಬಣ್ಣದ ನಾಲ್ಕು ಮರದ ಹತ್ತಿರ ಬಂದೆ. ಅವನ್ನು ಕಡಿಸಿರಲಿಲ್ಲ. ಪಿಕಪ್ಪು ಈಗಲೂ ಹೊರಗೇ ನಿಲ್ಲುತ್ತದೆ.

ಕೆರಿಯ ವೀಳ್ಯ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ, ಡ್ರೋನ್ ಎಬ್ಬಿಸಿದ. ಅದು ಭರ್ರೆಂದು ಸೋಗೆಗಳ ಮೇಲಕ್ಕೆ ಹೋಯಿತು. ಅವನು ಕೈಯಲ್ಲಿದ್ದ ಪೆಟ್ಟಿಗೆಯ ಪರದೆಯನ್ನೂ ಆಕಾಶವನ್ನೂ ಸರದಿಯಲ್ಲಿ ನೋಡುತ್ತಿದ್ದ. ಎರಡು ಹೆಜ್ಜೆ ಹಿಂದೆ ಹೊನ್ನಿ, ಎಂದಿನ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೇಲೆ ನೋಡುತ್ತಾ. ಪರದೆ ಅವಳಿಗೆ ಬೇಕಾಗಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಅವಳು, "ಕೆರೆ ಕಡಿಂದ ಬಂತು, ಇಳಿಸಿ" ಎಂದಳು. ಅವನು ಪ್ರಶ್ನೆ ಕೇಳದೆ ಇಳಿಸಿದ. ಡ್ರೋನ್ ನೆಲ ಮುಟ್ಟುವ ಹೊತ್ತಿಗೆ ಗಾಳಿ ಬಂದು ಸೋಗೆಗಳು ಹಾರಾಡಿದವು, ಅದಾದ ಮೇಲೆ ಪೆಟ್ಟಿಗೆ ಕುಂಯ್‌ಗುಟ್ಟಿ ಗಾಳಿಯ ಎಚ್ಚರಿಕೆ ಕೊಟ್ಟಿತು.

ಸಂಜೆ ಕೆಲಸ ಮುಗಿಸಿ ಇಬ್ಬರೂ ನಮ್ಮ ಜಗಲಿಗೆ ಬಂದರು. ಚಹಾ ಲೋಟ ಹಿಡಿದ ಕೆರಿಯ ಅದನ್ನು ಬಾಯಿಗೆ ಎತ್ತಲಾರದೆ ಕೆಳಗಿಟ್ಟ. ಕತ್ತು ಆ ಕಡೆಗೂ ತಿರುಗದು, ಈ ಕಡೆಗೂ ತಿರುಗದು. ಹುಬ್ಬು ಗಂಟಿಕ್ಕಿ, "ಎಂತ ಆಯ್ತು ಇದು? ಬೆಳಗಿಂದ ಮೇಲೆ ನೋಡಿ ನೋಡಿ ಕುತ್ತಿಗೆ ಮುರಿದೇ ಹೋಯ್ತು. ಅಮ್ಮಾ, ಚೂರು ಎಣ್ಣೆ ಇದ್ರೆ ಕೊಡ್ತ್ರಾ?" ಎಂದು ಅಡುಗೆಮನೆಯ ಕಡೆ ಕೂಗಿದ.

ಗಂಗಾ ಬಾಟಲಿ ಹಿಡಿದೇ ಬಂದಿದ್ದಳು. ಅಭ್ಯಾಸಬಲದಿಂದ ಹೊನ್ನಿಯ ಕಡೆ ಚಾಚಿದ ಕೈ ನಡುವೆ ನಿಂತಿತು.

"ಅವ್ರಿಗೇ ಕೊಡಿ ಅಮ್ಮಾ. ಅವ್ರಿಗೆ ಇವತ್ತು ಶುರು ಆಯ್ತು" ಎಂದಳು ಹೊನ್ನಿ. "ನನಗೆ ಇಪ್ಪತ್ತೆರಡು ವರ್ಷ ಆಯ್ತು. ಎಂತಕ್ಕೆ ನೋಯ್ತದೆ ಅಂತ ಒಬ್ರೂ ಕೇಳ್ಲಿಲ್ಲ."

ಜಗಲಿಯ ಮೇಲೆ ಕೇಳದೆ ಇದ್ದವರು ಇಬ್ಬರಿದ್ದೆವು. ನಾನು ಲೋಟದೊಳಗೆ ನೋಡಿದೆ. ಕೆರಿಯ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡ. ತನ್ನ ಕುತ್ತಿಗೆಗೆ ಹಚ್ಚಿಕೊಳ್ಳದೆ, ಎದ್ದು, ಕುಂಟುತ್ತಾ ಅವಳ ಹಿಂದೆ ಹೋಗಿ ನಿಂತ. ನಾವೆಲ್ಲ ನೋಡುತ್ತಿದ್ದೇವೆಂದು ಹೊನ್ನಿ ಸಿಡುಕಿ ಪಕ್ಕಕ್ಕೆ ಸರಿದಳು.

"ಅದಿರ್ಲಿ, ಮೊದ್ಲು ಬ್ಯಾಟರಿ ನೋಡಿ ಬರ್ರಿ. ಬಿಸಿ ಆರೋ ಮೊದ್ಲು ಚಾರ್ಜಿಗೆ ಹಾಕ್ಬಾರದು" ಎಂದಳು.

ಅವನು ಎಣ್ಣೆಯ ಕೈಯನ್ನು ಹಾಗೇ ಹಿಡಿದುಕೊಂಡು ಬ್ಯಾಟರಿ ಮುಟ್ಟಿ ನೋಡಲು ಹೋದ.